ಮೀನಿನ ಸುರಂಗಕ್ಕೆ ನಲವತ್ತು ಜೊತೆ ಚಪ್ಪಲಿ

ನಮ್ಮ ಚಿಕ್ಕಮಗಳೂರಿನ ಮೈದಾನಕ್ಕೆ ಮತ್ತೆ ಮೀನಿನ ಸುರಂಗ ಬಂದಿದೆ. ಆಟೋವೊಂದು ದಿನವೂ ನಮ್ಮ ಬೀದಿಯಲ್ಲಿ ಮೈಕು ಹಾಕಿಕೊಂಡು ಅದನ್ನೇ ಸಾರುತ್ತಿದೆ. ತಲೆಯ ಮೇಲೆ ಗಾಜು, ಗಾಜಿನ ಮೇಲೆ ನೀರು, ನೀರಿನೊಳಗೆ ಸಮುದ್ರದ ಮೀನು. ಅದರ ಅಡಿಯಲ್ಲಿ ನಾವು ನಡೆದು ಹೋಗಬೇಕು. ಸಮುದ್ರವೇ ಘಟ್ಟ ಹತ್ತಿ ಬಂದಿರುವಾಗ ನೋಡದಿದ್ದರೆ ಹೇಗೆ ಎಂದು ನನ್ನ ಹೆಂಡತಿ ಮೂರು ದಿನದಿಂದ ಕೇಳುತ್ತಿದ್ದಾಳೆ. ಮೊದಲ ದಿನ ಮಂಡಿನೋವು ಎಂದೆ. ಮರುದಿನ ಧೂಳು ಎಂದೆ. ನಿನ್ನೆ ಏನೂ ಹೊಳೆಯದೆ ಸುಮ್ಮನೆ ರೇಗಿಬಿಟ್ಟೆ. ತರಕಾರಿಗೆ ಹೋಗುವಾಗಲೂ ಮೈದಾನದ ರಸ್ತೆ ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತಿದ್ದೇನೆ.

ಕಳೆದ ತಿಂಗಳು ಮಾರ್ಕೆಟ್ಟಿನಲ್ಲಿ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಹಿಂದೆ ಕೆಲಸಕ್ಕಿದ್ದ ಹೆಂಗಸೊಬ್ಬರು ಸಿಕ್ಕಿದ್ದರು. ಅಕ್ಕ ತೀರಿಹೋದರು, ಮೂಡಿಗೆರೆಯಲ್ಲಿ ತಂಗಿಯ ಮನೆಯಲ್ಲಿದ್ದರು, ನಿಮಗೆ ಯಾರೂ ಹೇಳಲಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ನನಗೆ ಯಾರು ಯಾಕೆ ಹೇಳಬೇಕು. ಅಂದಿನಿಂದ ಅವರ ಬಗ್ಗೆ ಒಂದೆರಡು ಪುಟ ಬರೆಯಬೇಕು ಎಂದು ಕೂರುವುದು, ಏಳುವುದು ಆಗಿದೆ. ಹೆಸರು ಮಾತ್ರ ಬರೆಯುವುದಿಲ್ಲ. ಅದನ್ನು ಬರೆಯುವುದಕ್ಕೆ ನನಗೆ ಮುಖವಿಲ್ಲ. ಬೀಜ ಆರಿಸುವ ಹಾಲ್‌ನಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ.

ನಾನು ಅಲ್ಲಿ ರೈಟರು. ಎಸ್ಟೇಟುಗಳಿಂದ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿ ಕಳಿಸುವ ಪಾರ್ಚ್‌ಮೆಂಟಿನ ಹೊಟ್ಟು ತೆಗೆದು, ಬೀಜವನ್ನು ಜರಡಿ ಹಿಡಿದ ಮೇಲೆ ಕೊನೆಗೆ ಅದು ಹೆಂಗಸರ ಕೈಗೆ ಬರುತ್ತಿತ್ತು. ಉದ್ದನೆಯ ಹಾಲ್, ಉದ್ದನೆಯ ಟೇಬಲ್ಲುಗಳು, ಎರಡೂ ಕಡೆ ನಲವತ್ತು ಜನ. ಕಪ್ಪಾದದ್ದು, ಕಂದಾದದ್ದು, ಒಡೆದದ್ದು ಇವನ್ನು ಕೈಯಿಂದ ಆರಿಸಿ ತೆಗೆಯುವುದು ಅವರ ಕೆಲಸ. ಯಾರು ಬಂದರು, ಯಾರು ಬರಲಿಲ್ಲ, ಯಾವ ಲಾಟು ಯಾವ ಟೇಬಲ್ಲಿಗೆ ಹೋಯಿತು ಎಂದು ಬರೆದಿಡುವುದು ನನ್ನದು. ಅಕ್ಕ ಬಾಬಾಬುಡನ್‌ಗಿರಿಯ ಮೇಲಿನ ಅತ್ತಿಗುಂಡಿಯಿಂದ ಬೆಳಗಿನ ಮೊದಲ ಬಸ್ಸಿಗೆ ಇಳಿದು ಬರುತ್ತಿದ್ದರು. ಉತ್ತರದ ಕಿಟಕಿಯ ಪಕ್ಕದ ಜಾಗ ಅವರದು. ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬೆಳಕು ದಿನವಿಡೀ ಒಂದೇ ತರಹ ಇರುತ್ತದೆ. ಟ್ಯೂಬ್‌ಲೈಟು ಹಾಕಿದರೆ ಎದ್ದು ಹೋಗಿ ತಾವೇ ಆರಿಸಿ ಬರುತ್ತಿದ್ದರು; ಅದರ ಬೆಳಕಲ್ಲಿ ಎಲ್ಲ ಬೀಜಗಳೂ ಒಳ್ಳೆಯವರ ತರ ಕಾಣುತ್ತವೆ ಎನ್ನುತ್ತಿದ್ದರು.

ಅವರ ಕೈ ನೋಡಬೇಕಿತ್ತು. ಎರಡೂ ಕೈ ಬೇರೆ ಬೇರೆ ಕೆಲಸ ಮಾಡುತ್ತಿದ್ದವು, ಬಾಯಿ ಮೂರನೆಯದು. ಕೆಟ್ಟ ಬೀಜವನ್ನು ಅವರು ಬೈಯುತ್ತಿರಲಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಗೊತ್ತಿಲ್ಲದೆ ಬೇರೆಯವರ ಎಲೆಯ ಮುಂದೆ ಕೂತವರನ್ನು ಎಬ್ಬಿಸುವ ಹಾಗೆ, "ನೀನು ಆಚೆ ಕೂತ್ಕೋ ಮಾರಾಯ" ಎಂದು ಮೆಲ್ಲಗೆ ಹೇಳಿ ಬದಿಯ ಬುಟ್ಟಿಗೆ ಹಾಕುತ್ತಿದ್ದರು. ಇಡೀ ದಿನ ಅದೇ ಮಾತು. ಹೊಸದಾಗಿ ಸೇರಿದ ಹುಡುಗಿಯರು ಮೊದಮೊದಲು ನಗುತ್ತಿದ್ದರು, ತಿಂಗಳೊಳಗೆ ತಾವೂ ಬೀಜದ ಜೊತೆ ಮಾತಾಡುತ್ತಿದ್ದರು.

ಈ ಆರಿಸುವ ಚಟ ಅವರಿಗೆ ಹಾಲ್ ಬಿಟ್ಟು ಹೊರಗೆ ಬಂದರೂ ಬಿಡುತ್ತಿರಲಿಲ್ಲ. ನನ್ನ ಮಗಳ ಮದುವೆಗೆ ಬಂದವರು ಮಂಟಪದ ಹತ್ತಿರ ಕಾಣಲೇ ಇಲ್ಲ. ಹುಡುಕಿದರೆ ಉಗ್ರಾಣದಲ್ಲಿ ಅಕ್ಷತೆಯ ಪರಾತ ಮಡಿಲಲ್ಲಿಟ್ಟುಕೊಂಡು ಕಲ್ಲು ಆರಿಸುತ್ತಿದ್ದಾರೆ. ಮಗು ತಲೆ ಮೇಲೆ ಇವತ್ತು ಕಲ್ಲು ಬೀಳಬಾರದು ಎಂದು ನನ್ನ ಹೆಂಡತಿಗೆ ಹೇಳಿದರಂತೆ. ಇವಳು ಅದನ್ನು ಇವತ್ತಿಗೂ ಹೇಳುತ್ತಿರುತ್ತಾಳೆ.

ಮನುಷ್ಯರನ್ನೂ ಅವರು ದರ್ಜೆ ಮಾಡುತ್ತಿದ್ದರು. ಕಾಫಿಯಲ್ಲಿ ಒಳ್ಳೆಯ ದಪ್ಪ ಬೀಜ ಎ, ಅದಕ್ಕಿಂತ ಮೇಲಿನದು ಡಬಲ್ ಎ. ಕಪ್ಪು, ಕಂದು, ಚೂರು ಎಲ್ಲ ಸೇರಿದ ತೆಗೆದುಹಾಕಿದ ಮಾಲಿಗೆ ತ್ರಿಬಲ್ ಬಿ. ಗೇಟಿನ ವಾಚ್‌ಮನ್ ಡಬಲ್ ಎ ಆಗಿದ್ದರು, ಒಬ್ಬ ಕಂಟ್ರಾಕ್ಟರು ತ್ರಿಬಲ್ ಬಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಒಂದು ದುಂಡು ಬೀಜ ಇದ್ದರೆ ಅದು ಪೀಬಿ. ಮದುವೆಯಾಗದೆ ಒಬ್ಬರೇ ಇದ್ದ ಅಕ್ಕ ತಮ್ಮನ್ನು ಪೀಬಿ ಎಂದುಕೊಳ್ಳುತ್ತಿದ್ದರು, ಮೊದಲು ನಗುವವರೂ ಅವರೇ. ನಾನು ಒಮ್ಮೆ ತಡೆಯಲಾರದೆ ನನ್ನದು ಯಾವುದು ಎಂದು ಕೇಳಿದೆ. ತಲೆ ಎತ್ತದೆ, "ನಿಮ್ಮನ್ನ ಇನ್ನೂ ಆರಿಸಿಲ್ಲ ರೈಟ್ರೇ. ಟೇಬಲ್ ಮೇಲೇ ಇದೀರಿ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಹಾಲ್‌ಗೆ ಒಂದು ನಿಯಮವಿತ್ತು. ಎಲ್ಲೂ ಬರೆದಿರಲಿಲ್ಲ, ಅಕ್ಕನೇ ಅದಕ್ಕೆ ಬೋರ್ಡು. ಚಪ್ಪಲಿ ಬಾಗಿಲಾಚೆ ಬಿಡಬೇಕು. ನೆಲಕ್ಕೆ ಬಿದ್ದ ಬೀಜವನ್ನೂ ಎತ್ತಿ ಹಾಕುತ್ತೇವೆ, ಅದನ್ನು ಎಲ್ಲೋ ಯಾರೋ ಕುಡಿಯುತ್ತಾರೆ ಎನ್ನುವುದು ಅವರ ಮಾತು. ಹೊರದೇಶದಿಂದ ಮಾಲು ನೋಡಲು ಬಂದ ಒಬ್ಬ ದೊಡ್ಡ ಮನುಷ್ಯ ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟಾಗ ಅಕ್ಕ ಆರಿಸುವುದನ್ನು ನಿಲ್ಲಿಸಿ ಆತನ ಕಾಲನ್ನೇ ನೋಡುತ್ತ ಕೂತರು. ಅವರು ನಿಲ್ಲಿಸಿದ್ದು ಕಂಡು ಇಡೀ ಹಾಲ್ ನಿಲ್ಲಿಸಿತು. ಆತ ಹೊರಗೆ ಹೋಗಿ ಬೂಟು ಬಿಚ್ಚಿ ಬಂದ. ನಾನೂ ಬಿಚ್ಚುತ್ತಿದ್ದೆ. ಕಾಲುಚೀಲದಿಂದ ನನ್ನ ಹೆಬ್ಬೆರಳು ಹೊರಬಂದಿದ್ದ ದಿನ, ರೈಟರ ಹೆಬ್ಬೆಟ್ಟೂ ಹಾಜರಿ ಹಾಕಲು ಬಂದಿದೆ ಎಂದು ತಮಾಷೆ ಮಾಡಿ, ಮಧ್ಯಾಹ್ನ ಸೂಜಿ ದಾರ ತಂದುಕೊಟ್ಟಿದ್ದರು.

ಇನ್ನೊಂದು ಹೇಳಬೇಕು. ಒಂದು ವರ್ಷ ನಾನು ಎರಡು ಲಾಟುಗಳ ಚೀಟಿ ಅದಲುಬದಲು ಮಾಡಿದ್ದೆ. ಕಳಸದ ಕಡೆಯ ಬೆಳೆಗಾರರೊಬ್ಬರ ಮೂಟೆಗಳಿಗೆ ಬಾಬಾಬುಡನ್‌ಗಿರಿಯ ಎಸ್ಟೇಟೊಂದರ ಗುರುತು ಹೋಗಿತ್ತು. ಲಾರಿಗೆ ಹತ್ತಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಟೀಗೆ ಎದ್ದ ಮೇಲೆ ಅಕ್ಕ ಒಂದು ಹಿಡಿ ಬೀಜ ತಂದು ನನ್ನ ರಿಜಿಸ್ಟರಿನ ಮೇಲೆ ಹರಡಿ, ಇದು ಗಿರಿ ಬೀಜ ಅಲ್ಲ, ನಮ್ಮನೆ ಹಿಂದೆ ಬೆಳೆಯುವುದು ನನಗೆ ಗೊತ್ತಾಗುವುದಿಲ್ಲವೇ ಎಂದರು. ಅಷ್ಟೇ. ನಾನು ಚೀಟಿ ಬದಲಿಸಿದೆ. ಅವರು ಆ ವಿಷಯ ಮತ್ತೆ ಎತ್ತಲಿಲ್ಲ, ಯಾರ ಹತ್ತಿರವೂ ಆಡಲಿಲ್ಲ. ನಾನು ಒಂದು ಉಪಕಾರದ ಮಾತು ಕೂಡ ಹೇಳಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗ ಬಣ್ಣ ನೋಡಿ ಬೀಜ ಆರಿಸುವ ಮೆಷಿನ್ ಬರುವುದು ಗೊತ್ತಾಯಿತು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿದರು. ಮೆಷಿನ್ ಶನಿವಾರ ಬರುತ್ತದೆ. ಟೇಬಲ್ಲುಗಳನ್ನು ಎತ್ತಬೇಕು. ಹೆಂಗಸರು ಕೂತಿರುವಾಗ ಎತ್ತಿದರೆ ಗಲಾಟೆ, ಮುಂಚೆ ಹೇಳಿದರೆ ಇನ್ನೂ ಗಲಾಟೆ. ಸೋಮವಾರ ಗೇಟಿನಲ್ಲೇ ಹೇಳಿ ಕಳಿಸಿದರಾಯಿತು, ಶನಿವಾರ ಮಾತ್ರ ಹಾಲ್ ಖಾಲಿ ಇರಬೇಕು. ಆ ವರ್ಷವೂ ಮೈದಾನದಲ್ಲಿ ಮೀನಿನ ಸುರಂಗ ಹಾಕಿದ್ದರು. ಕಂಪನಿಯ ಕಡೆಯಿಂದ ಎಲ್ಲರಿಗೂ ಮೀನು ತೋರಿಸಿಕೊಂಡು ಬನ್ನಿ, ಊಟದ ಹೊತ್ತಿನ ತನಕ ಅಲ್ಲೇ ಇರಲಿ, ಆಮೇಲೆ ಅಲ್ಲಿಂದಲೇ ಮನೆಗೆ ಹೋಗಲಿ ಎಂದು ಸಾಹೇಬರು ಹೇಳಿದರು. ನಾನು ಸರಿ ಸಾರ್ ಎಂದೆ.

ಶನಿವಾರ ನಲವತ್ತು ಜನವೂ ಮದುವೆಗೆ ಹೊರಟವರಂತೆ ಬಂದರು. ಪೆಟ್ಟಿಗೆಯೊಳಗಿನ ಸೀರೆ, ಮುಡಿ ತುಂಬ ಕನಕಾಂಬರ. ಇಷ್ಟು ವರ್ಷದಲ್ಲಿ ಕಂಪನಿ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋದದ್ದು ಅದೇ ಮೊದಲು. ಅಕ್ಕ ಹಸಿರು ಸೀರೆ ಉಟ್ಟಿದ್ದರು. ಹೊರಡುವ ಮುಂಚೆ ಹಾಲ್‌ಗೆ ಹೋಗಿ, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಲಾಟಿನ ಮೇಲೆ ತಮ್ಮ ಹಳೆಯ ಸೀರೆಯ ತುಂಡೊಂದನ್ನು ಹೊದೆಸಿ ಬಂದರು. ಧೂಳು ಬೀಳಬಾರದಂತೆ. ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಹೊರಡಿ, ಹೊತ್ತಾಯಿತು ಎಂದೆ.

ಮೈದಾನಕ್ಕೆ ಸಾಲಾಗಿ ನಡೆದು ಹೋದೆವು. ಸುರಂಗದ ಬಾಯಿಯಲ್ಲಿ ಕಪ್ಪು ಪರದೆ, ಒಳಗೆ ನೀಲಿ ಬೆಳಕು. ಅಕ್ಕ ಮುಂದಿದ್ದರು. ಬಾಗಿಲು ಕಂಡ ಕೂಡಲೇ ಚಪ್ಪಲಿ ಬಿಟ್ಟರು. ಹಿಂದಿನವರು ಬಿಟ್ಟರು, ಅವರ ಹಿಂದಿನವರೂ ಬಿಟ್ಟರು. ನೋಡನೋಡುತ್ತಿದ್ದಂತೆ ನಲವತ್ತು ಜೊತೆ ಚಪ್ಪಲಿ. ಟಿಕೆಟ್ ಹರಿಯುವವನು, ಇದೇನು ದೇವಸ್ಥಾನವಾ ಅಮ್ಮ ಎಂದು ನಕ್ಕ. ಕ್ಯೂನಲ್ಲಿದ್ದ ಟೂರಿಸ್ಟುಗಳು ಮೊಬೈಲು ತೆಗೆದರು. ನನಗೆ ನಾಚಿಕೆಯಾಯಿತು. ಆ ಬೆಳಗ್ಗೆ ನಾಚಿಕೆಪಡಲು ನನ್ನ ಬಳಿ ಬೇರೆ ಬೇಕಾದಷ್ಟಿತ್ತು, ಆದರೆ ಆದದ್ದು ಅವರ ಬರಿಗಾಲಿನ ಬಗ್ಗೆ.

"ಹಾಕ್ಕೊಳ್ರೀ ಎಲ್ಲ. ಜನರ ಮುಂದೆ ಮರ್ಯಾದೆ ತೆಗೀಬೇಡಿ" ಎಂದೆ.

ಅಕ್ಕ ನನ್ನ ಬೂಟಿನ ಕಡೆ ಒಮ್ಮೆ ನೋಡಿದರು. "ಒಳಗೆ ಜೀವ ಐತಲ್ಲ ರೈಟ್ರೇ" ಎಂದಷ್ಟೇ ಹೇಳಿ ಬರಿಗಾಲಲ್ಲೇ ಒಳಗೆ ಹೋದರು. ಅಷ್ಟೂ ಜನ ಅವರ ಹಿಂದೆ ಹೋದರು.

ಒಳಗೆ ಅವರ ಸಂತೋಷ ಹೇಳತೀರದು. ಚಪ್ಪಟೆ ತೊರಕೆ ಮೀನು ತಲೆಯ ಮೇಲೆ ಹಾದಾಗ ಹೊಟ್ಟೆಯ ಕಡೆಯ ಬಾಯಿ ನಗುತ್ತಿದ್ದಂತೆ ಕಂಡು ಇವರೂ ಬಿದ್ದು ಬಿದ್ದು ನಕ್ಕರು. ಕಡಲಕುದುರೆ ಬಾಲದಲ್ಲಿ ಹುಲ್ಲು ಹಿಡಿದು ನಿಂತದ್ದನ್ನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಹೋಲಿಸಿದರು. ಅಕ್ಕ ಮಾತ್ರ ಪಕ್ಕದ ಒಂದು ತೊಟ್ಟಿಯ ಮುಂದೆ ನಿಂತುಬಿಟ್ಟರು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯಿದ್ದ ಪುಟ್ಟ ಮೀನುಗಳು, ಒಂದರ ತರ ಇನ್ನೊಂದು. ಅಕ್ಕನ ಬೆರಳು ಗಾಜಿನ ಮೇಲೆ ಟೇಬಲ್ಲಿನ ಮೇಲೆ ಓಡಿದ ಹಾಗೇ ಓಡಿ ಒಂದು ಮೀನಿನ ಮೇಲೆ ನಿಂತಿತು. ಇದಕ್ಕೆ ಹುಷಾರಿಲ್ಲ ಎಂದರು. ತೊಟ್ಟಿ ನೋಡಿಕೊಳ್ಳುತ್ತಿದ್ದವನು ಹತ್ತಿರ ಬಂದು ಬಗ್ಗಿ ನೋಡಿ, ಹೌದು, ಎರಡು ದಿನದಿಂದ ತಿನ್ನುತ್ತಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದ. ನಮ್ಮವರಿಗೆ ಹೆಮ್ಮೆ. ನಮ್ಮ ಅಕ್ಕನ ಕಣ್ಣಿನ ವಿಷಯ ನಿನಗೇನು ಗೊತ್ತು ಎಂದು ಅವನಿಗೆ ಪುರಾಣ ಹೇಳತೊಡಗಿದರು. ಹುಷಾರಿಲ್ಲದ್ದನ್ನು ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದರು. ಹಿಂದುಗಡೆ ಬೇರೆ ತೊಟ್ಟಿ ಇದೆ, ಜನ ಇಲ್ಲದ ಹೊತ್ತಲ್ಲಿ ತೆಗೆಯುತ್ತೇವೆ ಎಂದ ಅವನು. ನಾನು ಗಡಿಯಾರ ನೋಡಿಕೊಂಡೆ.

ಸುರಂಗದ ಇನ್ನೊಂದು ತುದಿ ಮೈದಾನದ ಆಚೆ ಬದಿಗೆ ತೆರೆಯುತ್ತಿತ್ತು. ಚಪ್ಪಲಿ ಈಚೆ ಬಾಗಿಲಲ್ಲಿ. ಮಾರ್ಚಿ ತಿಂಗಳ ಬಿಸಿಲು, ಕಾದ ಜಲ್ಲಿ. ಕುಂಟುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು, ನಗುತ್ತ ಸುತ್ತಿ ಬಂದರು. ಆಗಿನ್ನೂ ಹನ್ನೊಂದೂವರೆ. ಅರ್ಧ ಲಾಟು ಉಳಿದಿದೆ, ಹೋಗಿ ಮುಗಿಸಿಬಿಡುತ್ತೇವೆ ಎಂದರು ಅಕ್ಕ. ನಾನು ಬೇಡ ಎಂದೆ. ಇನ್ನೊಂದು ಸಲ ನೋಡಿ, ಮತ್ತೆ ಟಿಕೆಟ್ ತೆಗೆಸುತ್ತೇನೆ ಎಂದೆ.

ಅಷ್ಟು ವರ್ಷಗಳಲ್ಲಿ ಕೆಲಸ ಮಾಡುತ್ತೇವೆ ಎಂದವರಿಗೆ ನಾನು ಬೇಡ ಎಂದದ್ದು ಅದೇ ಮೊದಲು. ಅಕ್ಕ ನನ್ನ ಮುಖವನ್ನು ಉತ್ತರದ ಕಿಟಕಿಯ ಬೆಳಕಲ್ಲಿ ನೋಡಿದ ಹಾಗೆ ನೋಡಿದರು. ಆಮೇಲೆ ಹೋಗ್ರೇ, ಮತ್ತೆ ಯಾವಾಗ ಸಿಗುತ್ತೋ ಎಂದು ಎಲ್ಲರನ್ನೂ ಒಳಗೆ ಕಳಿಸಿ, ತಾವು ಚಪ್ಪಲಿಗಳ ಹತ್ತಿರ ಉಳಿದರು.

"ಟೇಬಲ್ ತೆಗೀತಾ ಅವ್ರಾ ರೈಟ್ರೇ?"

"ಇಲ್ಲ ಅಕ್ಕ. ಪೇಂಟ್ ಮಾಡಿಸ್ತಾ ಇದಾರೆ. ಗೋಡೆಗೆ."

"ಪೇಂಟು" ಎಂದರು ಅವರು. ಸುರಂಗದ ಕಡೆ ತಿರುಗಿ, "ಅವರಿಗೆ ಇವತ್ತು ಹೇಳ್ಬೇಡಿ. ಮೀನು ನೋಡ್ಲಿ. ಸೋಮವಾರ ಹೆಂಗೂ ಗೊತ್ತಾಯ್ತದೆ" ಎಂದರು.

ಕೂತುಕೊಂಡು ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೊತೆ ಮಾಡತೊಡಗಿದರು. ಯಾವುದು ಯಾರದು ಎಂದು ಅವರಿಗೆ ಗೊತ್ತಿತ್ತು. ಒಂದರ ಬಾರು ಕಿತ್ತಿತ್ತು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅದಕ್ಕೆ ಹಾಕಿದರು. ಆಮೇಲೆ ನಾಲ್ಕಾರು ಜೊತೆಗಳನ್ನು ತೋಳಿಗೆ ಒತ್ತಿಕೊಂಡು ಎದ್ದು, ಸುತ್ತಿಕೊಂಡು ಆಚೆ ಬಾಗಿಲಿಗೆ ಹೊರಟರು. ಈ ಸಲ ಹೊರಬರುವವರ ಕಾಲು ಸುಡಬಾರದು. ತಿರುಗಿ ಬಂದು ಇನ್ನಷ್ಟು ತೆಗೆದುಕೊಂಡರು. ಸುಮ್ಮನೆ ನಿಲ್ಲಲಾರದೆ ನಾನೂ ಬಗ್ಗಿ ಒಂದು ಜೊತೆಗೆ ಕೈ ಹಾಕಿದೆ.

"ನೀವು ಮುಟ್ಬೇಡಿ ರೈಟ್ರೇ."

ಆ ದಿನ ನಾನು ಅದನ್ನು ಮರ್ಯಾದೆಗೆ ಹೇಳಿದ್ದು ಎಂದುಕೊಂಡೆ. ರೈಟರು ನಮ್ಮ ಚಪ್ಪಲಿ ಮುಟ್ಟಬಾರದು ಎಂಬ ಸಂಕೋಚ ಎಂದುಕೊಂಡೆ. ಮನೆಗೆ ಬಂದು ಊಟಕ್ಕೆ ಕೂತಾಗ ನೆನಪಾಯಿತು. ಆರಿಸಿಟ್ಟ ಒಳ್ಳೆಯ ಬೀಜಕ್ಕೆ ಯಾರಾದರೂ ಕೊಳೆ ಕೈ ಹಾಕಲು ಬಂದರೆ ಅವರು ಹೇಳುತ್ತಿದ್ದದ್ದೂ ಅದೇ ಮಾತು, ಅದೇ ದನಿ.

ಸೋಮವಾರ ಹುಷಾರಿಲ್ಲ ಎಂದು ನಾನು ರಜೆ ಹಾಕಿದೆ. ಅಲ್ಲಿ ಆದದ್ದನ್ನು ಆಮೇಲೆ ವಾಚ್‌ಮನ್ ಹೇಳಿದರು. ಗೇಟಿನಲ್ಲೇ ವಿಷಯ ತಿಳಿದು ಕೆಲವರು ಅತ್ತರು, ಕೆಲವರು ಕೂಗಾಡಿದರು. ಅಕ್ಕ ಎರಡನ್ನೂ ಮಾಡಲಿಲ್ಲ. ನನ್ನ ಬಟ್ಟೆಯ ತುಂಡು ಒಳಗಿದೆ, ತಗೊಂಡು ಬರುತ್ತೇನೆ ಎಂದು ಕೇಳಿಕೊಂಡು ಹೋದರು. ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ಮೆಷಿನ್ನಿನ ಜನ ಬೂಟು ಹಾಕಿಕೊಂಡು ಓಡಾಡುತ್ತಿದ್ದರು, ನೆಲದ ತುಂಬ ಬೀಜ ಚೆಲ್ಲಿತ್ತು. ಅಕ್ಕ ಕುಕ್ಕರುಗಾಲಲ್ಲಿ ಕೂತು ಅಷ್ಟನ್ನೂ ಬಳಿದು ಒಂದು ಬುಟ್ಟಿಗೆ ಹಾಕಿ, ಬಟ್ಟೆಯನ್ನು ಕೊಡವಿ ಮಡಿಸಿಕೊಂಡು ಹೋದರಂತೆ. ನನ್ನನ್ನು ಕೇಳಿದರಾ ಎಂದೆ. ಇಲ್ಲ ಎಂದರು ವಾಚ್‌ಮನ್.

ಆಮೇಲೆ ಒಂದೇ ಸಲ ಅವರನ್ನು ಕಂಡೆ, ಬಸ್‌ಸ್ಟ್ಯಾಂಡಿನಲ್ಲಿ. ಪೇಪರು ಅಗಲ ಮಾಡಿ ಹಿಡಿದುಕೊಂಡು ಅದರ ಹಿಂದೆ ಕೂತೆ. ಅವರಿಗೆ ನಾನು ಕಾಣಲಿಲ್ಲ ಎಂದು ಬರೆಯಬಹುದಿತ್ತು. ಆ ಕಣ್ಣಿನ ಬಗ್ಗೆ ಇಷ್ಟು ಬರೆದ ಮೇಲೆ ಯಾರು ನಂಬುತ್ತಾರೆ.

ಇಲ್ಲಿಗೆ ಮುಗಿಸೋಣ ಎಂದು ಓದಿ ನೋಡಿದರೆ ನಾನು ಬರೆದದ್ದರಲ್ಲೂ ಒಂದು ಕಡೆ ಪೇಂಟು ಬಳಿದಿದೆ. ಮೀನು ತೋರಿಸಿಕೊಂಡು ಬನ್ನಿ ಎಂದು ಸಾಹೇಬರು ಹೇಳಿದರು ಎಂದು ಮೇಲೆ ಬರೆದಿದ್ದೇನೆ. ಸಾಹೇಬರಿಗೆ ಮೀನಿನ ಸುರಂಗದ ವಿಷಯವೇ ಗೊತ್ತಿರಲಿಲ್ಲ. ಹೆಂಗಸರನ್ನು ಎಲ್ಲಿಗೆ ಕಳಿಸುವುದು ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ, ಮೈದಾನದಲ್ಲಿ ಇಂಥದ್ದೊಂದು ಬಂದಿದೆ ಸಾರ್, ಕರೆದುಕೊಂಡು ಹೋದರೆ ಖುಷಿಯಾಗಿ ಬರುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ ಎಂದದ್ದು ನಾನು. ಯಾರೂ ಕೇಳಿರಲಿಲ್ಲ. ನೀವು ಬಹಳ ಬುದ್ಧಿವಂತರು ಎಂದು ಅವರು ನನ್ನ ಬೆನ್ನು ತಟ್ಟಿದರು, ನನಗೆ ಅದು ಹಿತವಾಗಿತ್ತು. ಅಕ್ಕನಿಗೆ ಇದೂ ಗೊತ್ತಿತ್ತೋ ಏನೋ.

ಇಷ್ಟು ಬರೆದು ಎದ್ದು, ನಡಿ ಹೋಗೋಣ ಎಂದು ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯ. ಸುರಂಗದ ಬಾಗಿಲಲ್ಲಿ ನಾನು ಬಗ್ಗಿ ಬೂಟು ಬಿಚ್ಚಿದೆ. ಟಿಕೆಟಿನವನು ಬೇರೆ, ಮಾತು ಅದೇ: ಇದೇನು ದೇವಸ್ಥಾನವಾ ಸಾರ್. ಹಾಕಿಕೊಳ್ಳಿ, ಜನ ನೋಡುತ್ತಾರೆ ಎಂದು ಇವಳು ಪಿಸುಗುಟ್ಟಿದಳು. ಒಳಗೆ ಮೀನುಗಳಿದ್ದವು. ಇವಳು ನೋಡಿದಳು, ನಾನು ನೆಲ ನೋಡಿಕೊಂಡು ನಡೆದೆ.

ಆಚೆ ಹೊರಬಿದ್ದಾಗ ಜಲ್ಲಿ ಕಾದಿತ್ತು. ಬೂಟು ಅಲ್ಲೇ ಬಿಟ್ಟಿರಲ್ಲ, ಈಗ ಹೇಗೆ ಎಂದಳು. ನಡೆಯಬೇಕು ಎಂದೆ. ಅರ್ಧ ದೂರ ಹೋದ ಮೇಲೆ ನಿಂತು, "ಅಕ್ಕನೋರನ್ನೆಲ್ಲ ಅವತ್ತು ಇಲ್ಲಿಗೆ ಕರ್ಕೊಂಡ್ ಬರೋ ಉಪಾಯ ಹೇಳಿಕೊಟ್ಟಿದ್ದು ನಾನೇ ಕಣೆ" ಎಂದೆ. ಮಿಕ್ಕದ್ದನ್ನೂ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ನಮ್ಮ ಮಗಳ ಅಕ್ಷತೆ ಆರಿಸಿದ ಕೈ ಅದು" ಎಂದಳು. ನನಗಾಗಿ ಕಾಯದೆ ಮುಂದೆ ನಡೆದಳು. ಕಾಲು ಎತ್ತಿ ಎತ್ತಿ ಇಡುತ್ತ ನಾನು ಹಿಂದೆ ಬಂದೆ. ಬಾಗಿಲ ಹತ್ತಿರ ಬಂದು ನೋಡಿದರೆ ನನ್ನ ಬೂಟು ಬಿಟ್ಟ ಜಾಗದಲ್ಲಿರಲಿಲ್ಲ. ದಾರಿಗೆ ಅಡ್ಡವಾಗಿದೆ ಎಂದು ಯಾರೋ ಅದನ್ನು ತೆಗೆದು ಆಚೆ ಇಟ್ಟಿದ್ದರು.